ಚೋರ್ಲಾ ಘಾಟ್ ಏರದ ಪಿಕಪ್: ಕ್ಲಚ್ ಜೊತೆ ಫ್ಲೈವೀಲೂ ಬದಲಾದ ಲೆಕ್ಕ

ಗಾಡಿ ಎರಡೂವರೆ ಲೀಟರ್ ಡೀಸೆಲ್ ಎಂಜಿನ್ನಿನ, ಐದು ಗೇರಿನ ಪಿಕಪ್. ಎಂಜಿನ್ ಉದ್ದಕ್ಕೆ ಕೂತಿದೆ, ಓಟ ಹಿಂದಿನ ಚಕ್ರಕ್ಕೆ. ಬೆಳಗಾವಿ ಮಾರ್ಕೆಟ್ಟಿನಲ್ಲಿ ಕಾಯಿಪಲ್ಯೆ ತುಂಬಿಕೊಂಡು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುತ್ತದೆ, ಬರುವಾಗ ಬರ್ಫದ ಮೀನಿನ ಪೆಟ್ಟಿಗೆ ಹೇರಿಕೊಂಡು ಅದೇ ಘಾಟ್ ಏರುತ್ತದೆ. ಇಳಿಯುವಾಗ ಸವೆಯುವುದು ಬ್ರೇಕು, ಏರುವಾಗ ಕ್ಲಚ್ಚು. ತಿರುವಿನಲ್ಲಿ ಎದುರು ಲಾರಿ ಬಂತೆಂದರೆ ಬ್ರೇಕ್ ಹಿಡಿಯದೆ ಅರ್ಧ ಕ್ಲಚ್ಚಿನ ಮೇಲೆಯೇ ಗಾಡಿ ನಿಲ್ಲಿಸಿಕೊಳ್ಳುವ ರೂಢಿ ಈ ದಾರಿಯ ಬಹಳಷ್ಟು ಡ್ರೈವರುಗಳಿಗೆ ಇದೆ. ಆ ಒಂದೊಂದು ನಿಮಿಷವೂ ಫ್ಲೈವೀಲಿನ (ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಗೆ ಬಿಗಿದ ಭಾರದ ಚಕ್ರ, ಕ್ಲಚ್ ಪ್ಲೇಟ್ ಒತ್ತಿಕೊಳ್ಳುವುದು ಇದಕ್ಕೇ) ಮೈಮೇಲೆ ಬರೆ ಎಳೆದಿರುತ್ತದೆ.

ದೂರು ಸರಳ. ಮೂರನೇ ಗೇರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ. ಜೊತೆಗೆ ಮೊದಲ ಗೇರಿನಲ್ಲಿ ಹೊರಡುವಾಗ ಇಡೀ ಗಾಡಿ ಗಡಗಡ ನಡುಗುತ್ತದೆ. ಜಾರುವುದು ಪ್ಲೇಟಿನ ಮಾತಾದರೆ ನಡುಗುವುದು ಹೆಚ್ಚಾಗಿ ಫ್ಲೈವೀಲಿನ ಮಾತು. ಹಾಗಾಗಿ ಪ್ಲೇಟ್ ಒಂದನ್ನೇ ಹಾಕಿ ಮುಗಿಸುವ ಕೆಲಸ ಇದಲ್ಲ ಎಂಬುದು ಗೇರ್‌ಬಾಕ್ಸ್ ಇಳಿಸುವ ಮೊದಲೇ ಗೊತ್ತಾಯಿತು.

ಬಿಚ್ಚುವ ಮೊದಲು

ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನಾಲ್ಕನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಟ್ಟರೆ ಎಂಜಿನ್ ತಕ್ಷಣ ಬಂದ್ ಬೀಳಬೇಕು. ಇದು ಮೂರು ಸೆಕೆಂಡ್ ಓಡುತ್ತಲೇ ಇತ್ತು. ಈ ಪರೀಕ್ಷೆ ಒಮ್ಮೆ ಸಾಕು. ನಾಲ್ಕು ಸಲ ಮಾಡಿದರೆ ಉಳಿದಿದ್ದ ಪ್ಲೇಟೂ ಅಲ್ಲೇ ಬೂದಿ.

ಜಾರುವ ಕ್ಲಚ್ಚೆಲ್ಲ ಸವೆದ ಕ್ಲಚ್ಚಲ್ಲ. ಪೆಡಲ್ ಒತ್ತಿದಾಗ ಎಣ್ಣೆಯನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ಹಿಂದಕ್ಕೆ ಹೋಗುವ ಸಣ್ಣ ತೂತು ಕಟ್ಟಿಕೊಂಡರೆ, ಅಥವಾ ರಬ್ಬರ್ ಉಬ್ಬಿದರೆ, ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಒತ್ತಡ ಉಳಿಯುತ್ತದೆ. ಆಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳನ್ನು ಸದಾ ಒತ್ತಿಕೊಂಡೇ ಇರುತ್ತದೆ. ಪರೀಕ್ಷೆ ಸುಲಭ: ಕ್ಲಚ್ ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ, ಪೈಪಿನ ಇನ್ನೊಂದು ತುದಿಯಲ್ಲಿರುವ ಸ್ಲೇವ್ ಸಿಲಿಂಡರಿನ ಗಾಳಿ ತೆಗೆಯುವ ನಿಪ್ಪಲ್ ಕೊಂಚ ಸಡಿಲಿಸಿ. ಎಣ್ಣೆ ಚಿಮ್ಮಿ ಹೊರಬಂದು, ಆಮೇಲೆ ಜಾರುವುದು ನಿಂತರೆ ಗೇರ್‌ಬಾಕ್ಸ್ ಇಳಿಸುವುದೇ ಬೇಡ, ಮಾಸ್ಟರ್ ಬದಲಿಸಿದರೆ ಆಯಿತು. ಐದು ನಿಮಿಷದ ಈ ಕೆಲಸ ಬಿಟ್ಟು ಎರಡು ದಿನದ ಕೆಲಸಕ್ಕೆ ಕೈಹಾಕುವವರು ಕಡಿಮೆ ಏನಿಲ್ಲ. ಈ ಗಾಡಿಯಲ್ಲಿ ಎಣ್ಣೆ ಸುಮ್ಮನೆ ಎರಡು ಹನಿ ತೊಟ್ಟಿಕ್ಕಿತು, ಒತ್ತಡ ಇರಲಿಲ್ಲ.

ಸದ್ದನ್ನೂ ಈಗಲೇ ಕೇಳಿಟ್ಟುಕೊಳ್ಳಬೇಕು, ಬಿಚ್ಚಿದ ಮೇಲೆ ಯಾವ ಬೇರಿಂಗೂ ಬಾಯಿ ಬಿಡುವುದಿಲ್ಲ. ನ್ಯೂಟ್ರಲಿನಲ್ಲಿ ಪೆಡಲ್ ಬಿಟ್ಟಾಗ ಗುರ್ರ್ ಎಂದು, ಒತ್ತಿದಾಗ ನಿಂತರೆ ಅದು ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗ್. ಪೆಡಲ್ ಮೇಲೆ ಕಾಲಿಡುತ್ತಲೇ ಕಿರ್ರ್ ಎಂದರೆ ರಿಲೀಸ್ ಬೇರಿಂಗ್. ಪೆಡಲ್ ಪೂರ್ತಿ ಒತ್ತಿ, ಗೇರ್ ಹಾಕಿ ನಿಂತಾಗ ಮಾತ್ರ ಸದ್ದು ಬಂದರೆ ಕ್ರ್ಯಾಂಕಿನ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಹಿಡಿಯುವ ಸ್ಪಿಗಾಟ್ ಬೇರಿಂಗ್. ಕ್ರ್ಯಾಂಕ್ ತಿರುಗುತ್ತಾ ಶಾಫ್ಟ್ ನಿಂತಿರುವ ಆ ಹೊತ್ತಿನಲ್ಲೇ ಅದಕ್ಕೆ ಕೆಲಸ. ಇಲ್ಲಿ ರಿಲೀಸ್ ಬೇರಿಂಗೂ ಸ್ಪಿಗಾಟೂ ಎರಡೂ ಕೂಗುತ್ತಿದ್ದವು.

ತಂದಿಟ್ಟುಕೊಂಡ ಸಾಮಾನು: ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಇರುವ ಒಂದೇ ಕಂಪನಿಯ ಕಿಟ್, ಸ್ಪಿಗಾಟ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಗೇರ್‌ಬಾಕ್ಸಿನ ಮುಂದಿನ ಸೀಲ್, ಫ್ಲೈವೀಲ್ ಬೋಲ್ಟಿನ ಹೊಸ ಸೆಟ್, ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕಿನ ರಬ್ಬರ್ ಬೂಟ್, ಸ್ಲೇವ್ ಸಿಲಿಂಡರಿನ ರಬ್ಬರ್ ಕಿಟ್, ಡಾಟ್ 4 ಎಣ್ಣೆ ಅರ್ಧ ಲೀಟರ್, ಜಿಎಲ್-4 ದರ್ಜೆಯ 80ಡಬ್ಲ್ಯು-90 ಗೇರ್ ಆಯಿಲ್, ಬ್ರೇಕ್ ಕ್ಲೀನರ್ ಸ್ಪ್ರೇ ಎರಡು ಡಬ್ಬಿ. ಹಳೆಯ ಪ್ರೆಶರ್ ಪ್ಲೇಟ್ ಇಟ್ಟುಕೊಂಡು ಪ್ಲೇಟ್ ಮಾತ್ರ ಹೊಸದು ಹಾಕುವುದು ಉಳಿತಾಯದಂತೆ ಕಾಣುತ್ತದೆ. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಎರಡನೇ ಸಲ ಕೊಟ್ಟಾಗ ಆ ಉಳಿತಾಯ ಎಲ್ಲಿ ಹೋಯಿತೆಂದು ಗೊತ್ತಾಗುತ್ತದೆ.

ಮೊದಲ ದಿನ: ಗೇರ್‌ಬಾಕ್ಸ್ ಕೆಳಗೆ

ಬ್ಯಾಟರಿಯ ನೆಗೆಟಿವ್ ಮೊದಲು. ಸ್ಟಾರ್ಟರಿನ ದಪ್ಪ ವಾಯರ್ ಸದಾ ಕರೆಂಟಿನಲ್ಲಿರುತ್ತದೆ, ಪಾನಾ ಚೇಸಿಸ್ಸಿಗೆ ತಾಗಿದರೆ ಕಿಡಿ. ಗಾಡಿಯನ್ನು ನಾಲ್ಕು ಘೋಡಿಗಳ (ಕಬ್ಬಿಣದ ಸ್ಟ್ಯಾಂಡುಗಳ) ಮೇಲೆ ಕೂರಿಸಿದ್ದು. ಇಟ್ಟಿಗೆಯ ಮೇಲೆ ನಿಲ್ಲಿಸಿ ಕೆಳಗೆ ಮಲಗುವುದು ಬೇಡ, ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಓಟ ಒಯ್ಯುವ ಪ್ರೊಪೆಲರ್ ಶಾಫ್ಟಿನ ಫ್ಲ್ಯಾಂಜ್ ಎರಡೂ ಕಡೆ ಸೆಂಟರ್ ಪಂಚಿನಿಂದ ಗುರುತು ಹಾಕಿ ಬಿಚ್ಚಬೇಕು. ಅದೇ ಜೋಡಿಯಲ್ಲಿ ಕೂರದಿದ್ದರೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೊಸದೊಂದು ನಡುಕ ಹುಟ್ಟಿ, ಅದರ ತಪ್ಪು ಪಾಪ ಕ್ಲಚ್ಚಿನ ತಲೆಗೆ ಬರುತ್ತದೆ. ಸೀಮೆಸುಣ್ಣದ ಗುರುತು ಎಣ್ಣೆಗೆ ಅಳಿಸಿಹೋಗುತ್ತದೆ. ಗೇರ್ ಆಯಿಲ್ ಇಳಿಸಿದಾಗ ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ್ದು ಮೆತ್ತನೆಯ ಬೂದು ಕೆಸರು. ಅದು ಸಹಜ. ಚೂರುಗಳಿದ್ದರೆ ಚಿಂತೆ.

ಸ್ಲೇವ್ ಸಿಲಿಂಡರನ್ನು ಪೈಪ್ ಸಮೇತ ಬಿಚ್ಚಿ ತಂತಿಯಿಂದ ಪಕ್ಕಕ್ಕೆ ಕಟ್ಟಿದ್ದು, ಪೈಪಿಗೆ ಭಾರ ಬೀಳಬಾರದು. ಸ್ಟಾರ್ಟರ್, ಗೇರ್ ಲಿವರ್, ರಿವರ್ಸ್ ಲೈಟಿನ ಸ್ವಿಚ್, ಸ್ಪೀಡೋಮೀಟರಿನ ಜೋಡಣೆ ಎಲ್ಲ ಕಳಚಿದ್ದು. ಕಾಮನ್ ರೇಲ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಕ್ಲಚ್ಚನ್ನು ಮುಚ್ಚುವ ಹೌಸಿಂಗಿನ ಹತ್ತಿರ ಇದ್ದರೆ ಅದನ್ನೂ ಮೊದಲೇ ತೆಗೆದಿಡಿ. ಗೇರ್‌ಬಾಕ್ಸ್ ಎಳೆಯುವಾಗ ತಾಗಿ ಮುರಿದರೆ ಎಲ್ಲ ಜೋಡಿಸಿದ ಮೇಲೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ, ಮತ್ತು ಯಾರಿಗೂ ಕಾರಣ ಹೊಳೆಯುವುದಿಲ್ಲ.

ಕ್ರಾಸ್ ಮೆಂಬರ್ ಬಿಚ್ಚುವ ಮೊದಲು ಎಂಜಿನ್ನಿನ ಸಂಪ್ ಕೆಳಗೆ ದಪ್ಪ ಹಲಗೆ ಇಟ್ಟು ಜಾಕ್ ಕೊಡಬೇಕು. ಎಂಜಿನ್ ಹಿಂದಕ್ಕೆ ಸ್ವಲ್ಪ ವಾಲಿದರೆ ಹೌಸಿಂಗಿನ ಮೇಲಿನ ಎರಡು ಬೋಲ್ಟುಗಳಿಗೆ ಹಿಂದಿನಿಂದ ಉದ್ದ ಎಕ್ಸ್‌ಟೆನ್ಷನ್ ಹಾಕಿ ಕೈ ಮುಟ್ಟಿಸಬಹುದು, ಆದರೆ ಫ್ಯಾನ್ ರೇಡಿಯೇಟರಿಗೆ ತಾಗುವಷ್ಟು ವಾಲಬಾರದು. ಗೇರ್‌ಬಾಕ್ಸ್ ನಲವತ್ತು ಕಿಲೋಗೆ ಕಡಿಮೆ ಇಲ್ಲ. ಎದೆಯ ಮೇಲೆ ಇಳಿಸಿಕೊಳ್ಳುವ ಪೈಲ್ವಾನಿಕೆ ಬಿಟ್ಟು ಗೇರ್‌ಬಾಕ್ಸ್ ಜಾಕ್ ಬಳಸಿ, ಇಬ್ಬರು ಇರಿ.

ಹೌಸಿಂಗ್ ತೆರೆದಾಗ ಒಳಗೆ ಕರಿ ಪುಡಿ, ಅದರೊಳಗೆ ಕೆಂಪು ಮಣ್ಣು. ಕಾರಣ ಫೋರ್ಕಿನ ಹರಿದ ಬೂಟ್. ಕಣಕುಂಬಿಯ ಮಳೆಯಲ್ಲಿ ಅಲ್ಲಿಂದ ನೀರೂ ಹೋಗುತ್ತದೆ. ಹಾಗೆ ನೆನೆದ ಗಾಡಿ ನಾಲ್ಕು ದಿನ ನಿಂತರೆ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ, ಕ್ಲಚ್ ಒತ್ತಿದರೂ ಗೇರ್ ಬೀಳುವುದಿಲ್ಲ. ಪುಡಿಯನ್ನು ಏರ್ ಹಿಡಿದು ಊದಬಾರದು, ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿದ್ದು.

ಬಿಚ್ಚಿದಾಗ ಕಂಡದ್ದು

ಪ್ಲೇಟಿನ ಫ್ಲೈವೀಲ್ ಕಡೆಯ ಲೈನಿಂಗ್ ರಿವೆಟ್ಟಿನ ಮಟ್ಟಕ್ಕೆ ಬಂದಿತ್ತು. ರಿವೆಟ್ಟಿನ ತಲೆ ಲೈನಿಂಗಿನಿಂದ 0.3 ಮಿ.ಮೀ.ಗಿಂತ ಕಡಿಮೆ ಆಳದಲ್ಲಿದ್ದರೆ ಪ್ಲೇಟಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ. ಇಲ್ಲಿ ರಿವೆಟ್ ಫ್ಲೈವೀಲಿನ ಮೇಲೆ ಎರಡು ವೃತ್ತ ಕೆತ್ತಿಯಾಗಿತ್ತು. ಪ್ರೆಶರ್ ಪ್ಲೇಟಿನ ಬೆರಳುಗಳ ತುದಿಯಲ್ಲಿ ರಿಲೀಸ್ ಬೇರಿಂಗ್ ಉಜ್ಜಿದ ಹೊಳೆಯುವ ಗುಳಿ. ಪೆಡಲ್ ಮೇಲೆ ಕಾಲಿಟ್ಟೇ ಗಾಡಿ ಹೊಡೆಯುವ ಚಾಳಿಯ ಸಾಕ್ಷಿ ಅದು.

ಹೌಸಿಂಗಿನ ತಳದಲ್ಲಿ ಎಣ್ಣೆಯ ಜಿಡ್ಡು ಇತ್ತು. ಯಾವ ಎಣ್ಣೆ ಎಂಬುದನ್ನು ಮೂಗೇ ಹೇಳುತ್ತದೆ. ಗಂಧಕದ ಗಾಟು ಬಂದರೆ ಗೇರ್ ಆಯಿಲ್, ಮುಂದಿನ ಸೀಲ್ ಹೋಗಿದೆ. ಕರ್ರಗೆ ತೆಳ್ಳಗಿದ್ದು ಡೀಸೆಲ್ ಎಂಜಿನ್ನಿನ ವಾಸನೆ ಬಂದರೆ ಕ್ರ್ಯಾಂಕಿನ ಹಿಂದಿನ ಸೀಲ್. ಇದು ಎರಡನೆಯದು. ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಿದ್ದರೆ ತಿಂಗಳೊಳಗೆ ಎಣ್ಣೆ ಕುಡಿದು ಮತ್ತೆ ಜಾರುತ್ತಿತ್ತು.

ಈಗ ಫ್ಲೈವೀಲ್. ಬ್ರೇಕ್ ಕ್ಲೀನರಿನಿಂದ ತೊಳೆದಾಗ ಮೈಮೇಲೆ ನೀಲಿ-ಕಪ್ಪು ಮಚ್ಚೆಗಳು, ಅಂಗೈಯಗಲದವು ಐದು. ಅತಿಯಾಗಿ ಕಾದು ಬೇಗ ತಣಿದ ಕಡೆ ಎರಕದ ಕಬ್ಬಿಣದ ಮೇಲ್ಮೈ ಮಾರ್ಟೆನ್ಸೈಟ್ ಎಂಬ ಗಡಸು ರೂಪಕ್ಕೆ ತಿರುಗುತ್ತದೆ, ಕೊಂಚ ಉಬ್ಬುತ್ತದೆ. ಪ್ಲೇಟ್ ಆ ಉಬ್ಬುಗಳ ಮೇಲೆ ಹಿಡಿಯುತ್ತಾ ಬಿಡುತ್ತಾ ಹೋಗುತ್ತದೆ. ಹೊರಡುವಾಗಿನ ಗಡಗಡ ಅದೇ. ಎಂಜಿನ್ ಮೌಂಟಿಂಗ್ ಸಡಿಲಿದ್ದರೂ ಇಂಥದೇ ನಡುಕ ಬರುತ್ತದೆ, ಆದ್ದರಿಂದ ಅವನ್ನೂ ಹಾರಿಯಿಂದ ಅಲ್ಲಾಡಿಸಿ ನೋಡಿದ್ದು. ಅವು ಗಟ್ಟಿಯಾಗಿದ್ದವು.

ಫ್ಲೈವೀಲ್ ಬಿಚ್ಚುವ ಮೊದಲು ಡಯಲ್ ಗೇಜ್ ಇಟ್ಟು, ತಿರುಗಿಸಿದಾಗ ಅದರ ಮೈ ಎಷ್ಟು ಹಿಂದು-ಮುಂದಾಗುತ್ತದೆ ಎಂಬ ಓಲಾಟ ಅಳೆದಾಗ 0.22 ಮಿ.ಮೀ. ಬಂತು. 0.1ರ ಆಸುಪಾಸಿನಲ್ಲಿದ್ದರೆ ನೆಮ್ಮದಿ, 0.2 ದಾಟಿದರೆ ಹಾಗೇ ಬಿಡುವಂತಿಲ್ಲ. ಅಳೆಯುವಾಗ ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದಿರಬೇಕು. ಇಲ್ಲದಿದ್ದರೆ ಗೇಜು ಓದುವುದು ಫ್ಲೈವೀಲಿನ ಓಲಾಟವನ್ನಲ್ಲ, ಕ್ರ್ಯಾಂಕಿನ ಹಿಂದು-ಮುಂದಿನ ಆಟವನ್ನು. ಆ ಆಟವನ್ನೂ ಬೇರೆಯಾಗಿ ಅಳೆದು ಬರೆದಿಟ್ಟರೆ ಒಳ್ಳೆಯದು. ಕ್ಲಚ್ ಒತ್ತಿದಾಗೆಲ್ಲ ಕ್ರ್ಯಾಂಕ್ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಕಾಲಿಟ್ಟೇ ಓಡಿಸುವ ಗಾಡಿಯಲ್ಲಿ ಆ ತಳ್ಳುವಿಕೆಯನ್ನು ತಡೆಯುವ ಥ್ರಸ್ಟ್ ವಾಷರ್ ಸವೆದಿರುತ್ತದೆ.

ಉದ್ಯಮಬಾಗಕ್ಕೆ ಹೋಗಿ ಬಂದ ಫ್ಲೈವೀಲ್

ಬೆಳಗಾವಿಯಲ್ಲಿ ಈ ಕೆಲಸಕ್ಕೆ ದೂರ ಅಲೆಯಬೇಕಿಲ್ಲ. ಉದ್ಯಮಬಾಗದಲ್ಲಿ ಫೌಂಡ್ರಿಗಳೂ ಮಷಿನ್ ಶಾಪುಗಳೂ ಸಾಲುಸಾಲು ಇವೆ. ಆದರೆ ಲೇಥಿಗೆ ಕೊಡಬೇಡಿ, ಗ್ರೈಂಡಿಂಗ್ ಮಾಡುವಲ್ಲಿಗೆ ಕೊಡಿ. ಲೇಥಿನ ಟೂಲ್ ಮೆತ್ತಗಿನ ಕಬ್ಬಿಣವನ್ನು ಕೊರೆದು, ಗಡಸು ಮಚ್ಚೆ ಬಂದಾಗ ಮೇಲೆ ಹಾರಿ ಹೋಗುತ್ತದೆ. ಕಣ್ಣಿಗೆ ಹೊಳಪು, ಬೆರಳಿಗೆ ಅದೇ ಉಬ್ಬು. ಗ್ರೈಂಡಿಂಗ್ ಕಲ್ಲು ಎರಡನ್ನೂ ಸಮನಾಗಿ ತಿನ್ನುತ್ತದೆ.

ಕೊಡುವ ಮೊದಲು ಒಂದು ಅಳತೆ ಚೀಟಿಯಲ್ಲಿ ಬರೆದು ಕೊಡಲೇಬೇಕು. ಪ್ಲೇಟ್ ಉಜ್ಜುವ ಮೈ ಮತ್ತು ಪ್ರೆಶರ್ ಪ್ಲೇಟಿನ ಬೋಲ್ಟ್ ಕೂರುವ ಅಂಚು ಕೆಲವು ಫ್ಲೈವೀಲುಗಳಲ್ಲಿ ಒಂದೇ ಮಟ್ಟ, ಕೆಲವದರಲ್ಲಿ ಉಜ್ಜುವ ಮೈ ತಗ್ಗಿನಲ್ಲಿ. ಇದು ತಗ್ಗಿನ ಜಾತಿ. ಡೆಪ್ತ್ ವರ್ನಿಯರಿನಿಂದ ನಾಲ್ಕು ಕಡೆ ಆಳ ಅಳೆದು ಬರೆದದ್ದು. ಒಳಗಿನ ಮೈ ಎಷ್ಟು ತಿಂದರೋ ಅಂಚನ್ನೂ ಅಷ್ಟೇ ತಿನ್ನಬೇಕು. ಒಳಗಷ್ಟೇ ತಿಂದರೆ ತಗ್ಗು ಆಳವಾಗುತ್ತದೆ, ಆಗ ಹೊಚ್ಚ ಹೊಸ ಪ್ಲೇಟೂ ಅರ್ಧ ಸವೆದ ಪ್ಲೇಟಿನಂತೆ ಕೆಲಸ ಶುರು ಮಾಡುತ್ತದೆ. "ಹೊಸ ಕಿಟ್ ಹಾಕಿಸಿ ಆರು ತಿಂಗಳಿಲ್ಲ, ಆಗಲೇ ಜಾರುತ್ತಿದೆ" ಎನ್ನುವ ಎಷ್ಟೋ ಗಾಡಿಗಳ ಗುಟ್ಟು ಈ ಅರ್ಧ ಮಿಲಿಮೀಟರಿನಲ್ಲಿದೆ, ಬೈಗುಳ ಮಾತ್ರ ಕಿಟ್ ಮಾಡಿದ ಕಂಪನಿಗೆ.

0.4 ಮಿ.ಮೀ. ತೆಗೆದ ಮೇಲೆ ಮಚ್ಚೆಗಳು ಮಾಸಿದವು, ಆದರೆ ಒಂದರ ಕೆಳಗಿನಿಂದ ಕೂದಲೆಳೆಯಂಥ ಗೆರೆ ಕಂಡಿತು. ಮೇಲ್ಮೈಯ ಬಲೆಯಂಥ ಸಣ್ಣ ಬಿರುಕುಗಳು ಗ್ರೈಂಡಿಂಗಿನಲ್ಲಿ ಹೋಗುತ್ತವೆ, ಅವಕ್ಕೆ ಹೆದರಬೇಕಿಲ್ಲ. ಇದು ಹೋಗಲಿಲ್ಲ. ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಒಣಗಿಸಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದ್ದು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಪುಡಿಗೆ ಹತ್ತಿ ಗೆರೆ ತಾನಾಗಿ ಎದ್ದು ಬಂತು: ಉಜ್ಜುವ ಮೈಯಿಂದ ಹೊರಟು ನೇರ ಬೋಲ್ಟಿನ ತೂತಿನವರೆಗೆ.

ಇಲ್ಲಿಗೆ ಚರ್ಚೆ ಮುಗಿಯಿತು. ತೂತಿಗೋ ಅಂಚಿಗೋ ಮುಟ್ಟಿದ ಬಿರುಕಿಗೆ ವೆಲ್ಡಿಂಗ್ ಇಲ್ಲ, "ಇನ್ನೊಂದಿಷ್ಟು ತಿನ್ನಿಸೋಣ" ಇಲ್ಲ. ನಿಮಿಷಕ್ಕೆ ಮೂರು ಸಾವಿರ ಸುತ್ತಿನಲ್ಲಿ ಎರಕದ ಚಕ್ರ ಒಡೆದರೆ ತುಂಡುಗಳು ಹೌಸಿಂಗ್ ಸೀಳಿಕೊಂಡು ಡ್ರೈವರನ ಕಾಲಿನ ಕಡೆಗೇ ಬರುತ್ತವೆ. ಗ್ರೈಂಡಿಂಗಿನ ಕೂಲಿ ನೀರಿಗೆ ಹೋಯಿತು, ಹೋಗಲಿ. ಸೀಮೆಸುಣ್ಣದ ಪರೀಕ್ಷೆಯನ್ನು ಗ್ರೈಂಡಿಂಗಿಗೆ ಮೊದಲೇ ಮಾಡಿದ್ದರೆ ಅದೂ ಉಳಿಯುತ್ತಿತ್ತು, ಕ್ರಮ ಹಾಗೇ ಇಟ್ಟುಕೊಳ್ಳಿ.

ಹೊಸ ಫ್ಲೈವೀಲ್ ಬಂದ ಮೇಲೆ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿದ್ದು: ರಿಂಗ್ ಗೇರಿನ ಹಲ್ಲು ಎಣಿಸಿ, ಬೋಲ್ಟಿನ ತೂತು, ಡೋವೆಲ್ ಪಿನ್, ಸೆನ್ಸರಿನ ಗುರುತು, ತಗ್ಗಿನ ಆಳ. ಹಲ್ಲಿನ ಓರೆ ಮಾಡಿದ ಮುಖ ಸ್ಟಾರ್ಟರ್ ಬಂದು ಕಚ್ಚುವ ಕಡೆಗಿರಬೇಕು. ಹಳೆಯ ರಿಂಗಿನಲ್ಲಿ ಎದುರು-ಬದುರು ಎರಡು ಕಡೆ ಮಾತ್ರ ಹಲ್ಲು ಸವೆದಿದ್ದವು. ನಾಲ್ಕು ಸಿಲಿಂಡರಿನ ಎಂಜಿನ್ ಬಂದ್ ಆದಾಗ ಸಾಮಾನ್ಯವಾಗಿ ಅದೇ ಎರಡು ಜಾಗದಲ್ಲಿ ನಿಲ್ಲುತ್ತದೆ, ಸ್ಟಾರ್ಟರ್ ಯಾವಾಗಲೂ ಅಲ್ಲೇ ಕುಟ್ಟುತ್ತದೆ.

ಎರಡನೇ ದಿನ: ಜೋಡಣೆ

ಸ್ಪಿಗಾಟ್ ಬೇರಿಂಗ್ ತೆಗೆಯಲು ಪುಲ್ಲರ್ ಇಲ್ಲದಿದ್ದರೂ ನಡೆಯುತ್ತದೆ. ಬೇರಿಂಗಿನ ತೂತಿನೊಳಗೆ ಗ್ರೀಸ್ ತುಂಬಿ, ತೂತಿಗೆ ಬರೋಬ್ಬರಿ ಕೂರುವ ಸರಳು ಇಟ್ಟು ಹೊಡೆದರೆ ಹಿಂದಿನ ಗ್ರೀಸ್ ಬೇರಿಂಗನ್ನು ಹೊರಗೆ ತಳ್ಳುತ್ತದೆ. ಒದ್ದೆ ಮಾಡಿದ ರದ್ದಿ ಕಾಗದದ ಉಂಡೆ ಗ್ರೀಸಿಗಿಂತ ಉತ್ತಮ, ಆಮೇಲೆ ಒರೆಸುವ ತ್ರಾಸಿಲ್ಲ. ಹೊಸದನ್ನು ಕೂರಿಸುವಾಗ ಹೊರ ಉಂಗುರದ ಮೇಲೆ ಮಾತ್ರ ಹೊಡೆಯಬೇಕು.

ಕ್ರ್ಯಾಂಕ್ ಸೀಲಿನ ತುಟಿಗೆ ಎಂಜಿನ್ ಆಯಿಲ್ ಸವರಿ, ಸಮನಾಗಿ ಒತ್ತಿ ಕೂರಿಸಿದ್ದು. ಟೆಫ್ಲಾನ್ ತುಟಿಯ ಸೀಲಾದರೆ ಒಣಗಿದ್ದಂತೆಯೇ ಹಾಕಬೇಕು, ಎಣ್ಣೆ ಹಚ್ಚಿದರೆ ಅದೇ ಸೋರುತ್ತದೆ. ಸೀಲ್ ಜೊತೆ ಬಂದ ಚೀಟಿ ಓದಿ.

ಹೊಸ ಫ್ಲೈವೀಲಿನ ಮೇಲೆ ತುಕ್ಕು ಹಿಡಿಯದಂತೆ ಬಳಿದ ಎಣ್ಣೆ ಇರುತ್ತದೆ, ಪ್ರೆಶರ್ ಪ್ಲೇಟಿನ ಮೇಲೂ. ಬ್ರೇಕ್ ಕ್ಲೀನರಿನಿಂದ ಬಟ್ಟೆಗೆ ಕಲೆ ಹತ್ತದವರೆಗೆ ಒರೆಸಬೇಕು. ಸೀಮೆಎಣ್ಣೆ, ಡೀಸೆಲ್ ಇಲ್ಲಿ ಬೇಡ, ಅವು ತಾವೇ ಜಿಡ್ಡು ಬಿಡುತ್ತವೆ. ಕ್ರ್ಯಾಂಕಿನ ಮುಖ ಮತ್ತು ಫ್ಲೈವೀಲಿನ ಹಿಂಬದಿಯೂ ಚೊಕ್ಕಟ ಇರಬೇಕು. ಅಲ್ಲಿ ಸಿಕ್ಕ ಒಂದು ಚೂರು ಮಣ್ಣು ಹೊರ ಅಂಚಿನಲ್ಲಿ ದೊಡ್ಡ ಓಲಾಟವಾಗಿ ಕಾಣುತ್ತದೆ. ಬೋಲ್ಟುಗಳಿಗೆ ಥ್ರೆಡ್‌ಲಾಕ್ ಹಚ್ಚಿ, ಎದುರು-ಬದುರು ಕ್ರಮದಲ್ಲಿ, ಮೂರು ಹಂತದಲ್ಲಿ ಬಿಗಿದದ್ದು. ಕೊನೆಯ ಅಂಕಿ ಆ ಎಂಜಿನ್ನಿನ ಸರ್ವಿಸ್ ಪುಸ್ತಕದ್ದೇ ಆಗಬೇಕು. ಇನ್ನೊಂದು ಗಾಡಿಯ ಅಂಕಿ ಬಾಯಿಮಾತಿನಲ್ಲಿ ತಂದು ಬಿಗಿಯುವ ಜಾಗ ಇದಲ್ಲ. ಮತ್ತೆ ಗೇಜ್ ಇಟ್ಟಾಗ ಓಲಾಟ 0.06 ಮಿ.ಮೀ.

ಹೊಸ ಪ್ಲೇಟನ್ನು ಮೊದಲು ಗೇರ್‌ಬಾಕ್ಸಿನ ಶಾಫ್ಟಿಗೆ ಹಾಕಿ ಜಾರಿಸಿ ನೋಡಿ. ಹಲ್ಲಿನ ಲೆಕ್ಕ ತಪ್ಪಿದ ಕಿಟ್ ಬಂದಿದ್ದರೆ ಈಗಲೇ ತಿಳಿಯಲಿ. ಶಾಫ್ಟಿನ ಆ ಹಲ್ಲುಗಳಿಗೆ, ಅಂದರೆ ಸ್ಪ್ಲೈನಿಗೆ, ಬಿಸಿ ತಡೆಯುವ ಗ್ರೀಸ್ ಉಗುರಿನಷ್ಟು ಸವರಿ, ಪ್ಲೇಟ್ ನಾಲ್ಕು ಸಲ ಆಡಿಸಿ, ಹೊರಬಂದದ್ದನ್ನೆಲ್ಲ ಒರೆಸಿ. ಹೆಚ್ಚಾದ ಗ್ರೀಸ್ ತಿರುಗಿದಾಗ ಸಿಡಿದು ಲೈನಿಂಗಿಗೇ ಹೋಗುತ್ತದೆ. ಪ್ಲೇಟಿನ ಮೇಲೆ "ಫ್ಲೈವೀಲ್ ಸೈಡ್" ಎಂದು ಬರೆದಿರುವ ಮುಖ ಫ್ಲೈವೀಲ್ ಕಡೆಗೆ. ತಿರುವು ಮುರುವಾದರೆ ನಡುವಿನ ಹಬ್ ಫ್ಲೈವೀಲಿನ ಬೋಲ್ಟಿಗೆ ತಾಗುತ್ತದೆ, ಕ್ಲಚ್ ಬಿಡುವುದೇ ಇಲ್ಲ.

ಪ್ಲೇಟ್ ನಡುಮಧ್ಯ ಕೂರಿಸಲು ಹಳೆಯ ಶಾಫ್ಟಿನ ತುಂಡು ಬಳಸಿದ್ದು. ಪ್ರೆಶರ್ ಪ್ಲೇಟಿನ ಎಂಟು ಎಂ.ಎಂ. ಬೋಲ್ಟುಗಳನ್ನು ಒಂದೊಂದಕ್ಕೆ ಅರ್ಧ ಸುತ್ತಿನಂತೆ ಎದುರು-ಬದುರು ತಿರುಗಿಸುತ್ತಾ ಬಂದು, ಕೊನೆಗೆ 25 ನ್ಯೂಟನ್ ಮೀಟರಿಗೆ ನಿಲ್ಲಿಸಿದ್ದು. ಒಂದನ್ನೇ ಪೂರ್ತಿ ಬಿಗಿದು ಮುಂದಕ್ಕೆ ಹೋದರೆ ಕವರ್ ಬಾಗಿ ಬೆರಳುಗಳ ಎತ್ತರ ಹೆಚ್ಚುಕಡಿಮೆ ಆಗುತ್ತದೆ, ಹೊಸ ಕ್ಲಚ್ಚಿಗೆ ಹಳೆಯ ನಡುಕ. ಬೆರಳುಗಳ ನಡುವಿನ ವ್ಯತ್ಯಾಸ 0.5 ಮಿ.ಮೀ. ಒಳಗೆ ಬಂತು.

ಫೋರ್ಕಿನ ಗುಂಡಿಗೆ ಗ್ರೀಸ್, ಹೊಸ ಬೂಟ್. ಹೌಸಿಂಗಿನ ಎರಡು ಡೋವೆಲ್ ಪಿನ್ ಇದ್ದಾವೆಯೇ ಎಂದು ನೋಡಿದರೆ ಒಂದು ಇರಲಿಲ್ಲ, ಹಿಂದೆ ಯಾವಾಗಲೋ ಬಿದ್ದುಹೋಗಿದೆ. ಬೋಲ್ಟ್ ಬಿಗಿಯುತ್ತದೆ, ಸಾಲು ಹಿಡಿಸುವುದು ಪಿನ್ನು. ಅದಿಲ್ಲದೆ ಶಾಫ್ಟ್ ಓರೆಯಾಗಿ ತಿರುಗಿ ಸ್ಪಿಗಾಟನ್ನೂ ಪ್ಲೇಟಿನ ಹಬ್ಬನ್ನೂ ತಿನ್ನುತ್ತದೆ. ಸ್ಪಿಗಾಟ್ ಯಾಕೆ ಅಷ್ಟು ಕೂಗುತ್ತಿತ್ತು ಎಂಬುದಕ್ಕೂ ಉತ್ತರ ಸಿಕ್ಕಿತು. ಹೊಸ ಪಿನ್ ಹಾಕಿದ್ದು.

ಗೇರ್‌ಬಾಕ್ಸ್ ಏರಿಸುವಾಗ ತಲೆ ಕಡಿದ ಎರಡು ಉದ್ದ ಬೋಲ್ಟುಗಳನ್ನು ಎಂಜಿನ್ನಿಗೆ ದಾರಿಗೂಟದಂತೆ ಹಾಕಿಕೊಂಡರೆ ಅರ್ಧ ಕೆಲಸ ಹಗುರ. ಶಾಫ್ಟ್ ಪ್ಲೇಟಿನೊಳಗೆ ಹೊಕ್ಕ ಮೇಲೆ ಒಂದು ಕ್ಷಣವೂ ಗೇರ್‌ಬಾಕ್ಸಿನ ಭಾರ ಅದರ ಮೇಲೆ ತೂಗಬಾರದು. ಪ್ಲೇಟ್ ಬಾಗಿದರೆ ಗೇರ್ ಸದಾ ಕರಕರ ಎನ್ನುತ್ತದೆ. ಕೊನೆಯ ಬೆರಳಗಲ ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ, ಹೌಸಿಂಗಿನ ಕಿವಿ ಮುರಿಯುತ್ತದೆ. ಗೇರಿನಲ್ಲಿ ಇಟ್ಟು ಹಿಂದಿನ ಫ್ಲ್ಯಾಂಜನ್ನು ಕೈಯಿಂದ ಕೊಂಚ ತಿರುಗಿಸಿ, ಸ್ಪ್ಲೈನ್ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಗೇರ್ ಆಯಿಲ್ ಪಕ್ಕದ ಪ್ಲಗ್ಗಿನಿಂದ ಸುರಿದು ಹೊರಬರುವವರೆಗೆ ತುಂಬಿದ್ದು. ಸ್ಲೇವಿನ ರಬ್ಬರ್ ಬದಲಿಸಿ ಗಾಳಿ ತೆಗೆದದ್ದು: ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ ತೆರೆದು ಮುಚ್ಚುವುದು, ಆಮೇಲೆ ಪೆಡಲ್ ಬಿಡುವುದು. ಮಾಸ್ಟರಿನ ಎಣ್ಣೆ ಡಬ್ಬಿ ಖಾಲಿಯಾಗಲು ಬಿಟ್ಟರೆ ಮೊದಲಿನಿಂದ ಶುರು. ಇಲ್ಲಿಗೆ ಎಂಜಿನ್ ಆಯಿಲ್ ಸುರಿಯುವ ಜಾಣರೂ ಇದ್ದಾರೆ, ರಬ್ಬರೆಲ್ಲ ಉಬ್ಬಿ ಮಾಸ್ಟರ್ ಸಮೇತ ಹೋಗುತ್ತದೆ.

ಓಡಿಸಿ ನೋಡಿದ್ದು

ನಿಂತಲ್ಲೇ ಪೆಡಲ್ ಒತ್ತಿ ನಾಲ್ಕು ಸೆಕೆಂಡ್ ತಡೆದು ರಿವರ್ಸ್ ಹಾಕಿದಾಗ ಸದ್ದಿಲ್ಲ. ಆಮೇಲೆ ಖಾಲಿ ಗಾಡಿ ವಂಟಮುರಿ ಘಾಟಿನವರೆಗೆ ಹೋಗಿ ಬಂತು. ನಡುಕ ಇಲ್ಲ. ಮೊದಲ ಐದಾರು ಹೊರಡುವಿಕೆಗಳಲ್ಲಿ ಹೊಸ ಲೈನಿಂಗಿನ ಸಣ್ಣ ವಾಸನೆ ಬಂತು, ಅದು ಬರುವುದೇ.

ಮೊದಲ 500 ಕಿಲೋಮೀಟರ್ ಅರ್ಧ ಲೋಡು, ಊರೊಳಗಿನ ಓಡಾಟ, ಚೋರ್ಲಾ ಬೇಡ. ಲೈನಿಂಗ್ ಮತ್ತು ಫ್ಲೈವೀಲ್ ಒಂದರ ಮೈಗೆ ಒಂದು ಹೊಂದಿಕೊಳ್ಳುವ ಮೊದಲೇ ತುಂಬಿದ ಗಾಡಿಯಲ್ಲಿ ಘಾಟ್ ಏರಿದರೆ ನೀಲಿ ಮಚ್ಚೆ ಮೊದಲ ದಿನವೇ ಬೀಳುತ್ತದೆ. 500 ಆದ ಮೇಲೆ ಪ್ರೊಪೆಲರ್ ಶಾಫ್ಟಿನ ಬೋಲ್ಟ್, ಹೌಸಿಂಗಿನ ಬೋಲ್ಟ್ ಮತ್ತೊಮ್ಮೆ ಪಾನಾ ಹಾಕಿ ನೋಡಿ, ಕ್ಲಚ್ ಎಣ್ಣೆಯ ಮಟ್ಟ, ಹೌಸಿಂಗಿನ ಕೆಳಗಿನ ತೂತಿನಲ್ಲಿ ಜಿಡ್ಡು ಇದೆಯೇ ಎಂದು ಒಮ್ಮೆ ಬೆರಳಾಡಿಸಿ.

ಹಳೆಯ ಫ್ಲೈವೀಲನ್ನು ಗುಜರಿಗೆ ಹಾಕುವ ಮೊದಲು ಗ್ರೈಂಡರಿನಿಂದ ನಾಲ್ಕು ಕಡೆ ಆಳವಾಗಿ ಕೊಯ್ದು ಹಾಕಿದ್ದು. ಗ್ರೈಂಡಿಂಗ್ ಆದ ಅದರ ಮೈ ಹೊಸದರಂತೆ ಹೊಳೆಯುತ್ತಿತ್ತು, ಬಿರುಕು ಸೀಮೆಸುಣ್ಣ ಹಾಕಿದರಷ್ಟೇ ಕಾಣುವಂಥದು. ಹಾಗೇ ಬಿಟ್ಟಿದ್ದರೆ ಇನ್ನೊಂದು ಪಿಕಪ್ಪಿನ ಹೌಸಿಂಗಿನೊಳಗೆ ಸೆಕೆಂಡ್‌ಹ್ಯಾಂಡ್ ಮಾಲಾಗಿ ಕೂರುತ್ತಿತ್ತು.